ಹಾಡು ಮತ್ತು ಹೊಟ್ಟೆಪಾಡು

ಕಾಸಿಗಾಗಿ ಹಾಡಿದರೆ ಹಾಡು ಕೆಡುತ್ತದೆಯೆ? ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಸ್ಪೇನಿನ ಗ್ರಾನಡಾ ನಗರ ನೆನಪಾಗುತ್ತದೆ. 1922ರ ಜೂನ್ ತಿಂಗಳಿನಲ್ಲಿ, ಅಲ್ಲಿನ ಅಲ್‌ಹಂಬ್ರಾ ಕೋಟೆಯಲ್ಲಿ, ಸಂಗೀತಕಾರ ಮಾನುಯೆಲ್ ದೆ ಫಾಯಾ, ಕವಿ ಲೋರ್ಕಾ ಮೊದಲಾದವರು ಸೇರಿ ಒಂದು ಗಾಯನಸ್ಪರ್ಧೆ ನಡೆಸಿದರು. ಫ್ಲಮೆಂಕೊ ಹಾಡಿನ ಹಳೆಯ, ಆಳವಾದ ದನಿ ಕಾಫಿಶಾಲೆಗಳ ರಂಗದ ಮೇಲೆ ಹಗುರವಾಗುತ್ತಿದೆಯೆಂಬುದು ಅವರ ಕೊರಗು. ಅದಕ್ಕೇ, 21 ವರ್ಷ ದಾಟಿದ ವೃತ್ತಿಗಾಯಕರಿಗೆ ಸ್ಪರ್ಧೆಯಲ್ಲಿ ಪ್ರವೇಶವಿರಲಿಲ್ಲ.

ಉದ್ದೇಶವೇನೋ ದೊಡ್ಡದು. ಆದರೆ ತೀರ್ಪುಗಾರರಲ್ಲಿ ಒಬ್ಬರು ಆಂಟೋನಿಯೊ ಚಕೋನ್. ಕಾಫಿಶಾಲೆಗಳಲ್ಲಿ ಹಾಡಿಯೇ ಹೆಸರಾದವರು. ಹಾಡು ಬಲ್ಲವರು ಬೇಕೆಂದಾಗ ಹಾಡಿ ಬದುಕುವವರನ್ನೇ ಕರೆಯಬೇಕಾಯಿತು! ಅಲ್ಲಿ ಬಹುಮಾನ ಗಳಿಸಿದ ಹುಡುಗ ಮನೋಲೊ ಕರಕೋಲ್ ಮುಂದೆ ಪ್ರಸಿದ್ಧ ವೃತ್ತಿಗಾಯಕನಾದ. 1963ರಲ್ಲಿ ಮ್ಯಾಡ್ರಿಡ್‌ನಲ್ಲಿ ತನ್ನದೇ ಒಂದು ರಂಗಶಾಲೆ ತೆರೆದ.

ಇದನ್ನು ಪತನವೆನ್ನಲು ನನಗೆ ಬಾಯಿ ಬರುವುದಿಲ್ಲ. ಕಮ್ಮಾರನೊಬ್ಬ ದಿನವೆಲ್ಲ ದುಡಿದು, ರಾತ್ರಿ ತನ್ನ ಸಂಕಟಕ್ಕೆ ಹಾಡಿಕೊಂಡರೆ ಅದು ಶುದ್ಧ ಎನ್ನುತ್ತೇವೆ. ಆ ಶುದ್ಧಿಯ ಬೆಲೆ ತೆರುವವನು ಅವನು, ಸವಿಯುವವನು ನಾನು. ಸ್ಪೇನನ್ನೇ ಕಾಣದ ನನ್ನ ಕಿವಿಗೆ ಆ ದನಿ ಬಿದ್ದದ್ದಾದರೂ ಹೇಗೆ? ಯಾರೋ ಅದನ್ನು ಗ್ರಾಮಫೋನು ತಟ್ಟೆಯಲ್ಲಿ ಹಿಡಿದು ಮಾರಿದ್ದರಿಂದ.

ಆದರೂ ಫಾಯಾ ಅವರ ಕೊರಗು ಸುಳ್ಳಲ್ಲ. ಹಾಡಿ ಹಣ ಪಡೆಯುವುದು ಬೇರೆ. ಹಣ ಕೊಟ್ಟವನ ಮುಖ ನೋಡಿ ಹಾಡನ್ನೇ ತಿದ್ದುವುದು ಬೇರೆ. ನಡುವಣ ಗೆರೆ ಬಹಳ ತೆಳುವು. ಅದನ್ನು ಕಾಯುವ ಹೊಣೆ ಹಾಡುವವನೊಬ್ಬನದೇ ಅಲ್ಲ, ಕಾಸು ಕೊಟ್ಟು ಎದುರಿಗೆ ಕುಳಿತ ನಮ್ಮದೂ ಹೌದು.