ಹಸಿರು ತ್ರಿಕೋನ ಯಾರ ಪಾಲಿಗೆ?

ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿನ ಕಡಲೆಗೆ ಕಾಯಿಕೊರಕ ಹುಳು ಬಿದ್ದರೆ ರೈತರು ‘ಎಣ್ಣೆ’ ಹೊಡೆಯುತ್ತಾರೆ. ಆ ಕೀಟನಾಶಕದ ಡಬ್ಬಿಯ ಮೇಲೊಂದು ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಎಂದರೆ ಘೋರ ವಿಷ. ನಂತರ ಹಳದಿ, ನೀಲಿ. ಹಸಿರು ಎಂದರೆ ಎಲ್ಲಕ್ಕಿಂತ ಕಡಿಮೆ. ಹಸಿರು ಕಂಡರೆ ನಮಗೆ ಸಮಾಧಾನ. ಆದರೆ ಕಡಿಮೆ ಯಾರ ಪಾಲಿಗೆ?

ಆ ಬಣ್ಣ ನಿರ್ಧಾರವಾಗುವುದು ಇಲಿಯಂಥ ಪ್ರಯೋಗಪ್ರಾಣಿಗಳ ಮೇಲಿನ ಪರೀಕ್ಷೆಯಿಂದ. ಇಲಿಯ ದೇಹ ನಮ್ಮದಕ್ಕೆ ಹತ್ತಿರ ಎಂಬುದು ಅದರ ತರ್ಕ. ಕಡಲೆಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಹಸಿರು ತ್ರಿಕೋನವಿದೆ. ಅದು ಹುಳುವಿನ ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ, ಮನುಷ್ಯನ ಸ್ನಾಯುಗಳನ್ನು ಅಷ್ಟಾಗಿ ತಟ್ಟದು. ಆದರೆ ಮಳೆಯೊಡನೆ ಹಳ್ಳ ಸೇರಿದರೆ ಡಾಫ್ನಿಯಾದಂಥ ಸಣ್ಣ ನೀರುಜೀವಿಗಳಿಗೆ ಅದೇ ಕಡುವಿಷ. ಮೀನುಮರಿಗಳು ಬದುಕುವುದು ಇಂಥ ಜೀವಿಗಳನ್ನು ತಿಂದೇ.

ಒಂದು ಜೀವಿಯನ್ನು ನೋಡಿ ಇನ್ನೊಂದರ ಗತಿ ಊಹಿಸಿದ್ದಕ್ಕೆ ನಮ್ಮ ದೇಶ ದೊಡ್ಡ ಬೆಲೆ ತೆತ್ತಿದೆ. ಡೈಕ್ಲೋಫೆನಾಕ್ ನೋವಿನ ಮದ್ದು. ನಾವೂ ನುಂಗಿದೆವು, ದನಗಳಿಗೂ ಕೊಟ್ಟೆವು. ಆ ಮದ್ದು ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದೀಚೆಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಅಳಿದುಹೋದವು. ಕಾರಣ ತಿಳಿದದ್ದು 2004ರಲ್ಲಿ, ಪಶುಗಳಿಗೆ ಅದರ ಬಳಕೆಯ ಮೇಲೆ ನಿಷೇಧ ಬಂದದ್ದು 2006ರಲ್ಲಿ. ವಿಚಿತ್ರವೆಂದರೆ, ಅಮೆರಿಕದ ಟರ್ಕಿ ರಣಹದ್ದು ಅದೇ ಮದ್ದನ್ನು ತಾಳಿಕೊಳ್ಳುತ್ತದೆ. ಹೆಸರಿನಲ್ಲಿ ಎರಡೂ ರಣಹದ್ದುಗಳೇ, ದೇಹ ಮಾತ್ರ ಬೇರೆ.

ಸಕಲ ಜೀವಿಗಳ ಮೇಲೂ ಪರೀಕ್ಷೆ ಮಾಡಲಾಗದು. ಆದ್ದರಿಂದ ವಿಷ ಅಂಟಿಕೊಳ್ಳುವ ಪ್ರೋಟೀನು ಯಾವ ಜೀವಿಯಲ್ಲಿ ಹೇಗಿದೆಯೆಂದು ಹೋಲಿಸಿ, ಯಾರಿಗೆ ಅಪಾಯವೆಂದು ವಿಜ್ಞಾನಿಗಳು ಮೊದಲೇ ಅಂದಾಜಿಸುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೂ ಅಂದಾಜು ಅಂದಾಜೇ. ಅದು ತಪ್ಪಿದಾಗ ನಷ್ಟ ಯಾರಿಗೆ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಲಾಭ ನಮಗೆ, ಅಪಾಯ ಬಾಯಿಲ್ಲದ ಜೀವಿಗೆ ಎಂದಾದರೆ ಸಂಶಯದ ಹೊರೆಯನ್ನಾದರೂ ನಾವು ಹೊರಬೇಡವೇ?

ಸಾಲದಲ್ಲಿರುವ ರೈತನಿಗೆ ಬೆಳೆಯನ್ನು ಹುಳುವಿಗೆ ಬಿಡು ಎನ್ನಲು ನಮಗೆ ಹಕ್ಕಿಲ್ಲ. ಆದರೆ ದಾರಿಗಳಿವೆ. ಆ ಕಾಯಿಕೊರಕವನ್ನಷ್ಟೇ ಕೊಲ್ಲುವ ಎನ್‌ಪಿವಿ ಎಂಬ ವೈರಾಣು ದ್ರಾವಣವಿದೆ. ದನಗಳಿಗೆ ಡೈಕ್ಲೋಫೆನಾಕ್ ಬದಲು ರಣಹದ್ದುಗಳಿಗೆ ಅಪಾಯವಿಲ್ಲದ ಮೆಲೊಕ್ಸಿಕ್ಯಾಮ್ ಬಂದಂತೆಯೇ ಇದು. ಇಂಥವು ಹಳ್ಳಿಯ ಅಂಗಡಿಗೆ ತಲುಪುವಂತೆ ಮಾಡುವುದು ಸರಕಾರದ ಹೊಣೆ. ಪಂಪು ತೊಳೆದ ನೀರು ಹಳ್ಳಕ್ಕಾಗಲಿ ಕೆರೆಗಾಗಲಿ ಸೇರದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಹಸಿರು ತ್ರಿಕೋನ ಅದಕ್ಕೆ ವಿನಾಯಿತಿ ಕೊಟ್ಟಿಲ್ಲ.