ಹೇರದ ಬೆಳಕು

ಒಬ್ಬ ಮನುಷ್ಯನನ್ನು ನೋಡುವಾಗ ನಾವು ನಿಜಕ್ಕೂ ಅವನನ್ನೇ ನೋಡುತ್ತೇವೆಯೇ, ಇಲ್ಲ ಅವನ ಮೇಲೆ ನಾವು ಚೆಲ್ಲಿದ ಬೆಳಕನ್ನು ನೋಡಿ ಸುಮ್ಮನಾಗುತ್ತೇವೆಯೇ? ಬೇಕಾದವರ ಮುಖಕ್ಕೆ ಪ್ರಭೆ ಹಚ್ಚುವುದು, ಬೇಡದವರನ್ನು ನೆರಳಿಗೆ ತಳ್ಳುವುದು, ಆಮೇಲೆ ಕಂಡದ್ದನ್ನೇ ಸತ್ಯವೆಂದು ನಂಬುವುದು ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಅದು ರೂಢಿಯೆಂಬುದೇ ಮರೆತುಹೋಗಿದೆ. ಛಾಯಾಗ್ರಾಹಕ ಬಾಲು ಮಹೇಂದ್ರ ಅವರ ಕೆಲಸವನ್ನು ನೆನೆದಾಗಲೆಲ್ಲ ಈ ಪ್ರಶ್ನೆ ಮತ್ತೆ ಎದುರಾಗುತ್ತದೆ.

1939ರಲ್ಲಿ ಶ್ರೀಲಂಕಾದ ಬಟ್ಟಿಕಲೋವಾ ಸೀಮೆಯಲ್ಲಿ ಹುಟ್ಟಿದ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಛಾಯಾಗ್ರಹಣ ಕಲಿತು, ಮಲಯಾಳಂನ ‘ನೆಲ್ಲು’ ಚಿತ್ರದಿಂದ ವೃತ್ತಿ ಆರಂಭಿಸಿದರು. ನಿರ್ದೇಶಕರಾಗಿ ಅವರು ಮೊದಲು ಮಾಡಿದ್ದು ಕನ್ನಡದ ‘ಕೋಕಿಲ’. 1977ರ ಆ ಕಪ್ಪುಬಿಳುಪು ಚಿತ್ರದ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಮರುವರ್ಷ ಮಹೇಂದ್ರನ್ ನಿರ್ದೇಶನದ ‘ಮುಳ್ಳುಂ ಮಲರುಂ’ ಮೂಲಕ ತಮಿಳಿಗೆ ಹೋದ ಅವರು ಮುಂದೆ ಅಲ್ಲಿಯವರೇ ಆಗಿಬಿಟ್ಟರು. 2014ರಲ್ಲಿ ಚೆನ್ನೈನಲ್ಲಿ ತೀರಿಕೊಳ್ಳುವಾಗ ಅವರ ಹಿಂದೆ ಬಾಲಾ, ವೆಟ್ರಿಮಾರನ್‌ರಂಥ ಶಿಷ್ಯರ ಒಂದು ಪೀಳಿಗೆಯೇ ಇತ್ತು.

ಅವರ ಹೆಸರಿನ ಜೊತೆ ಸದಾ ಕೇಳಿಬರುವ ಮಾತು ಸಹಜ ಬೆಳಕು. ದೊಡ್ಡ ದೀಪಗಳಿಂದ ನಾಯಕ, ನಾಯಕಿಯರ ಮುಖವನ್ನು ಎಲ್ಲ ದಿಕ್ಕಿನಿಂದಲೂ ತೊಳೆದಿಡುವುದು ವಾಡಿಕೆಯಾಗಿದ್ದ ಕಾಲವದು. ಕಿಟಕಿಯಿಂದ ಬಂದ ಬೆಳಕು ಮುಖದ ಒಂದು ಕೆನ್ನೆಯನ್ನಷ್ಟೇ ಮುಟ್ಟಿದರೆ ಸಾಕು, ಇನ್ನೊಂದು ಕೆನ್ನೆ ಮಬ್ಬಿನಲ್ಲೇ ಇರಲಿ, ತೀರಾ ಕತ್ತಲೆನಿಸಿದರೆ ಬಿಳಿಯ ಥರ್ಮೋಕೋಲ್ ಹಲಗೆಯೊಂದನ್ನು ಹಿಡಿದು ಅದೇ ಬೆಳಕನ್ನು ತುಸು ಮರಳಿಸಿದರಾಯಿತು ಎನ್ನುವುದು ಆ ಬಗೆಯ ಕೆಲಸದ ದಾರಿ. ಹೇಳುವಾಗ ಸುಲಭ. ಆದರೆ ಅಂದಿನ ಫಿಲ್ಮ್ ಬೆಳಕನ್ನು ಧಾರಾಳವಾಗಿ ಕೇಳುತ್ತಿತ್ತು. 400 ಅಡಿಯ ರೋಲು ನಾಲ್ಕೂವರೆ ನಿಮಿಷವೂ ಬಾರದೆ ಮುಗಿಯುತ್ತಿತ್ತು. ಬಿದ್ದ ಬಿಂಬ ಹೇಗಿದೆಯೆಂದು ಲ್ಯಾಬಿನಿಂದ ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಥಲ್ಲಿ ಇಷ್ಟು ಸಾಕೆಂದು ಕೈ ತಡೆಯುವುದಕ್ಕೆ ಹೆಚ್ಚು ಸುರಿಯುವುದಕ್ಕಿಂತ ದೊಡ್ಡ ಧೈರ್ಯ ಬೇಕಲ್ಲವೇ? ನಮ್ಮ ಬದುಕಿನಲ್ಲೂ ಅತಿಯಾದ ವಿವರಣೆ, ಅತಿಯಾದ ಅಲಂಕಾರಗಳು ಬಹಳ ಸಲ ಹುಟ್ಟುವುದು ಔದಾರ್ಯದಿಂದಲ್ಲ, ಕಾಣದೇ ಹೋದೀತೆಂಬ ಅಳುಕಿನಿಂದ.

ಈ ಸಂಯಮದ ನಿಜವಾದ ಬೆಲೆ ತಿಳಿಯುವುದು ಅವರು ತೋರಿಸಿದ ಮುಖಗಳಲ್ಲಿ. ಶೋಭಾ, ಅರ್ಚನಾರಂಥ ಕೃಷ್ಣವರ್ಣದ ಕಲಾವಿದೆಯರು ಅವರ ಚಿತ್ರಗಳಲ್ಲಿ ಬಣ್ಣದ ಲೇಪವಿಲ್ಲದೆ, ತಮ್ಮದೇ ಮೈಬಣ್ಣದಲ್ಲಿ ನಿಂತರು. ಬಿಳುಪೇ ಚೆಲುವೆಂದು ನಂಬಿಸುವ ಊರಿನಲ್ಲಿ, ಅದೇ ನಂಬಿಕೆಯನ್ನು ಮಾರಿ ಬದುಕುವ ಉದ್ಯಮದೊಳಗೆ ಕುಳಿತು, ಒಂದು ಮುಖವನ್ನು ಇದ್ದಂತೆಯೇ ಬಿಡುವುದು ಬರೀ ಕುಶಲತೆಯಲ್ಲ, ಅದು ಗೌರವ. ನೀನು ಬೇರೆಯಾಗಬೇಕಿಲ್ಲ ಎಂದು ಒಬ್ಬರಿಗೆ ಬಾಯಿಬಿಟ್ಟು ಹೇಳದೆಯೂ ತಿಳಿಸಬಹುದಾದ ಬಗೆ.

1988ರ ‘ವೀಡು’ ಚಿತ್ರದಲ್ಲಿ ಹಾಡುಗಳಿಲ್ಲ. ಮಧ್ಯಮವರ್ಗದ, ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳು ಸಾಲಸೋಲ ಮಾಡಿ ಮನೆ ಕಟ್ಟಿಸಹೊರಡುತ್ತಾಳೆ, ಅಷ್ಟೇ ಕಥೆ. ಮೊಮ್ಮಗಳ ಅರೆಕಟ್ಟಿದ ಮನೆಯನ್ನು ಕಣ್ತುಂಬ ನೋಡುವ ತಾತನಾಗಿ ಚೊಕ್ಕಲಿಂಗ ಭಾಗವತರ್ ನಡೆಯುವಾಗ ಕ್ಯಾಮೆರಾ ಆ ಮುದುಕನ ಭಾವವನ್ನು ಕಸಿದು ನಮ್ಮ ಮುಂದೆ ಹಿಡಿಯುವುದಿಲ್ಲ. ಗಾರೆ ಕಾಣದ ಇಟ್ಟಿಗೆಗೋಡೆ, ಬಾಗಿಲಿಲ್ಲದ ಚೌಕಟ್ಟು, ನಡುವೆ ಒಬ್ಬ ಮನುಷ್ಯನ ತೃಪ್ತಿ. ನಾವು ಅಳಬೇಕೆಂದು ಯಾರೂ ಒತ್ತಾಯಿಸದಿದ್ದಾಗ ಹುಟ್ಟುವ ಮರುಕವೇ ನಮ್ಮ ಸ್ವಂತದ್ದು ಎನಿಸುತ್ತದೆ.

ಹಾಗೆಂದು ಸಹಜವೆಂಬುದನ್ನು ಮುಗ್ಧವೆಂದು ತಿಳಿಯಬಾರದು. ಕಿಟಕಿ ತಾನಾಗಿ ಇರಬಹುದು, ಅದರ ಪಕ್ಕ ಯಾರನ್ನು ಕೂರಿಸಬೇಕೆಂದು ಆಯ್ದವರು ಛಾಯಾಗ್ರಾಹಕರೇ. ‘ಮೂನ್ರಾಂ ಪಿರೈ’ ಚಿತ್ರದಲ್ಲಿ ಅವರಿಗೆ ಮತ್ತೊಂದು ರಾಷ್ಟ್ರಪ್ರಶಸ್ತಿ ತಂದ ಊಟಿಯ ಮಂಜು ಯಾರಿಗಾದರೂ ಸಿಗುವಂಥದ್ದೇ, ಯಾವ ಹೊತ್ತಿನ ಮಂಜು, ಯಾವ ತಿರುವಿನಿಂದ ಎನ್ನುವುದು ಮಾತ್ರ ಅವರ ನಿರ್ಧಾರ. ನಾನು ಇದ್ದದ್ದನ್ನು ಇದ್ದಂತೆ ಹೇಳುವವನು ಎಂದು ಎದೆತಟ್ಟಿಕೊಳ್ಳುವವರು ಈ ಮಾತನ್ನೇ ಮರೆಯುತ್ತಾರೆ. ಇದ್ದದ್ದನ್ನು ಹೇಳುವಾಗಲೂ ನಾವು ಎಲ್ಲೋ ಒಂದು ಕಡೆ ನಿಂತೇ ಹೇಳುತ್ತಿರುತ್ತೇವೆ. ಆ ನಿಂತ ಜಾಗಕ್ಕೆ ನಾವೇ ಹೊಣೆ.

ಸೂರ್ಯನನ್ನು ಸರಿಸಲಾಗದವನಿಗೆ ಉಳಿಯುವುದು ಎರಡೇ ದಾರಿ: ಹೊತ್ತು ಕಾಯುವುದು, ಇಲ್ಲವೇ ತಾನೇ ಸರಿಯುವುದು. ಹೊಸ ನಿರ್ದೇಶಕ ಮಣಿರತ್ನಂ 1983ರಲ್ಲಿ ಕನ್ನಡದಲ್ಲಿ ‘ಪಲ್ಲವಿ ಅನುಪಲ್ಲವಿ’ ಮಾಡಿದಾಗ, ಅಷ್ಟು ಹೊತ್ತಿಗೆ ತಾವೇ ಹೆಸರಾಂತ ನಿರ್ದೇಶಕರಾಗಿದ್ದ ಬಾಲು ಮಹೇಂದ್ರ ಛಾಯಾಗ್ರಾಹಕರಾಗಿ ಕ್ಯಾಮೆರಾ ಹಿಂದೆ ನಿಂತರು. ತನ್ನ ನೋಟವನ್ನು ಇನ್ನೊಬ್ಬರ ಕಥೆಗೆ ಕೊಟ್ಟು ಪಕ್ಕಕ್ಕೆ ಸರಿಯುವುದೂ ಇದೇ ಜಾತಿಯ ಗುಣ. ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಎದುರಾದವರು ನಮಗೆ ಸರಿಯಾಗಿ ಕಾಣದಾಗ ನಾವು ತಕ್ಷಣ ಅವರನ್ನು ತಿದ್ದಲು ಹೊರಡುತ್ತೇವೆ, ಅವರ ಮೇಲೆ ನಮ್ಮ ತೀರ್ಪಿನ ದೀಪ ಹೊತ್ತಿಸುತ್ತೇವೆ. ಅದಕ್ಕೂ ಮೊದಲು ನಾವೊಂದು ಹೆಜ್ಜೆ ಆಚೀಚೆ ಇಟ್ಟು ನೋಡಿದ್ದೇವೆಯೇ ಎಂದು ಕೇಳಿಕೊಳ್ಳುವ ಅಭ್ಯಾಸವೊಂದು ಬಂದರೆ, ಅರ್ಧದಷ್ಟು ಜಗಳಗಳಿಗೆ ಕಾರಣವೇ ಇರಲಾರದು.