ಆರೋಗ್ಯ ಅನ್ನೋ ಸಾಕ್ಷಿ

ಅಪ್ಪನಿಗೆ ಸ್ಟೆಂಟ್ ಹಾಕಿದಾಗ ಅವರಿಗೆ 58. ಐಸಿಯುವಿನಿಂದ ವಾರ್ಡಿಗೆ ಬಂದ ಮೇಲೆ ನನ್ನ ಕೈ ಹಿಡಿದು ಅವರು ಕೇಳಿದ್ದು ಒಂದೇ ಪ್ರಶ್ನೆ: "ಜೀವಮಾನದಲ್ಲಿ ಮೊಟ್ಟೆ ಕೂಡ ಮುಟ್ಟಿದವನಲ್ಲ ಕಣೋ. ನನಗ್ಯಾಕೆ?"

ಆ ದನಿಯಲ್ಲಿ ನೋವಿಗಿಂತ ಹೆಚ್ಚಾಗಿ ಮೋಸ ಹೋದ ಭಾವ ಇತ್ತು. ತಾನು ನಿಯಮ ಪಾಲಿಸಿದ್ದೇನೆ, ಮೈ ಮಾತ್ರ ಮಾತು ತಪ್ಪಿತು ಅನ್ನೋ ಹಾಗೆ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಆಫೀಸಿನ ಊಟದ ಟೇಬಲ್ಲಿನಲ್ಲಿ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಕಾಣಿಸತೊಡಗಿತು. ಕುಂದಾಪುರದ ಗೆಳೆಯ ಬಂಗುಡೆ ಸಾರಿನ ಡಬ್ಬಿ ತೆಗೆದರೆ ಒಬ್ಬರು, "ನಾನ್‌ವೆಜ್ ತಿಂದ್ರೆ ಕ್ಯಾನ್ಸರ್ ಬರುತ್ತಂತೆ" ಅಂತಾರೆ. ಜಿಮ್ಮಿಗೆ ಹೋಗೋ ಇನ್ನೊಬ್ಬ ನನ್ನ ಡಬ್ಬಿ ನೋಡಿ, "ಈ ಅನ್ನ ಸಾರಲ್ಲಿ ಪ್ರೋಟೀನ್ ಎಲ್ಲಿದೆ ಗುರು?" ಅಂತಾನೆ. ಇಬ್ಬರೂ ತಮ್ಮ ತಟ್ಟೆಯ ಪರವಾಗಿ ಆರೋಗ್ಯವನ್ನ ಸಾಕ್ಷಿಗೆ ಕರೀತಾರೆ. ಆದರೆ ಈ ಸಾಕ್ಷಿ ಪೂರ್ತಿಯಾಗಿ ಯಾರ ಕಡೆಗೂ ಹೇಳಿಕೆ ಕೊಡೋದಿಲ್ಲ.

ಬ್ರಿಟನ್ನಿನಲ್ಲಿ 48 ಸಾವಿರಕ್ಕೂ ಹೆಚ್ಚು ಜನರನ್ನ ಸುಮಾರು 18 ವರ್ಷ ಹಿಂಬಾಲಿಸಿದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಮಾಂಸ ತಿನ್ನುವವರಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 22ರಷ್ಟು ಕಡಿಮೆ, ಪಾರ್ಶ್ವವಾಯು ಶೇ. 20ರಷ್ಟು ಹೆಚ್ಚು. ಸರಳವಾಗಿ ಹೇಳೋದಾದ್ರೆ, ಸಾವಿರ ಜನರಲ್ಲಿ ಹತ್ತು ವರ್ಷಕ್ಕೆ ಹೃದ್ರೋಗದ 10 ಪ್ರಕರಣ ಕಡಿಮೆ, ಪಾರ್ಶ್ವವಾಯುವಿನ 3 ಪ್ರಕರಣ ಜಾಸ್ತಿ. ಇನ್ನು ಕ್ಯಾನ್ಸರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಬೇಕನ್, ಹ್ಯಾಮಿನಂಥ ಸಂಸ್ಕರಿತ ಮಾಂಸವನ್ನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18 ಏರುತ್ತೆ. ದನ, ಕುರಿ, ಹಂದಿಯಂಥ ಕೆಂಪು ಮಾಂಸ 'ಬಹುಶಃ' ಅನ್ನೋ ಕೆಳಗಿನ ಗುಂಪಿಗೆ ಹೋಯ್ತು. ಗೆಳೆಯನ ಬಂಗುಡೆಗೂ ಆ ತೀರ್ಮಾನಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ತೊಡಕಿದೆ. ಆ ದೇಶಗಳಲ್ಲಿ ಸಸ್ಯಾಹಾರಿ ಆಗೋರು ಹೆಚ್ಚಿನವರು ತಾವೇ ಯೋಚಿಸಿ ಆದವರು. ಸಾಮಾನ್ಯವಾಗಿ ಸಿಗರೇಟು ಕಡಿಮೆ, ತೂಕ ಕಡಿಮೆ. ನಾವು ಹುಟ್ಟಿನಿಂದ ಸಸ್ಯಾಹಾರಿಗಳು. ಪಾಲಿಶ್ ಮಾಡಿದ ಬಿಳಿ ಅಕ್ಕಿ, ಉದ್ದಿನವಡೆ, ಹಬ್ಬಕ್ಕೆ ಹೋಳಿಗೆ, ಸಂಜೆಗೆ ಚಿಪ್ಸು, ದಿನಕ್ಕೆ ನಾಲ್ಕು ಕಾಫಿ ಸಕ್ಕರೆ ಸಮೇತ. ಇದರಲ್ಲೂ ಮಾಂಸ ಇಲ್ಲ. ಐಸಿಎಂಆರ್ ಬೆಂಬಲದ ಸಮೀಕ್ಷೆ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟಿನಿಂದ ಬರುತ್ತೆ. ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು 10 ಕೋಟಿಗೂ ಹೆಚ್ಚು. ಜೊತೆಗೆ ಬಿ12 ವಿಟಮಿನ್ ಸಸ್ಯಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಲು ಮೊಸರಿನಿಂದ ಒಂದಷ್ಟು ಸಿಗುತ್ತೆ, ಸಾಲದಿದ್ದರೆ ಮಾತ್ರೆ ನುಂಗಬೇಕು. ನಾನು ನುಂಗ್ತಾ ಇದ್ದೀನಿ.

ಅಂದ್ರೆ ಅಪ್ಪನ ಪ್ರಶ್ನೆಗೆ ವೈದ್ಯಕೀಯ ಉತ್ತರ ಇತ್ತು: ಮೈ ನೋಡೋದು ತಟ್ಟೆಯಲ್ಲಿ ಏನೇನು ಇದೆ ಅನ್ನೋದನ್ನ. ಏನು ಇಲ್ಲ ಅನ್ನೋದಕ್ಕೆ ಅದು ಬಹುಮಾನ ಕೊಡಲ್ಲ.

ಆದರೆ ನನ್ನನ್ನ ಕಾಡೋದು ಅದಕ್ಕಿಂತ ಆಚೆಗಿನ ಪ್ರಶ್ನೆ. ನಾಳೆ ಬೆಳಿಗ್ಗೆ ಒಂದು ಗಟ್ಟಿ ಅಧ್ಯಯನ ಬಂದು, ದಿನಾ ಸ್ವಲ್ಪ ಕೋಳಿ ತಿಂದರೆ ಐದು ವರ್ಷ ಹೆಚ್ಚು ಬದುಕ್ತೀಯ ಅಂದ್ರೆ ನಾನು ತಿಂತೀನಾ? ಇಲ್ಲ. ಹಾಗೇ ಜಿಮ್ಮಿನ ಗೆಳೆಯನಿಗೆ, ಬೇಳೆಕಾಳಿಂದಲೇ ಅಷ್ಟೂ ಪ್ರೋಟೀನ್ ಆಗುತ್ತೆ ಅಂತ ತೋರಿಸಿದರೆ ಬಿರಿಯಾನಿ ಬಿಡ್ತಾನಾ? ಅವನೂ ಇಲ್ಲ. ಹಾಗಿದ್ರೆ ನಮ್ಮಿಬ್ಬರ ಕಾರಣವೂ ಆರೋಗ್ಯ ಅಲ್ಲ. ನನ್ನದು ಮನೆತನ, ರೂಢಿ, ಪ್ರಾಣಿಯನ್ನ ಕೊಲ್ಲೋದು ಬೇಡ ಅನ್ನೋ ಅಳುಕು, ಒಪ್ಪಿಕೊಳ್ಳೋಕೆ ಮುಜುಗರವಾದರೂ ಸ್ವಲ್ಪ ಜಾತಿ. ಅವನದು ರುಚಿ, ಅಮ್ಮನ ಕೈ ಅಡುಗೆ, ಭಾನುವಾರದ ನೆನಪು. ಇವು ಸಣ್ಣ ಕಾರಣಗಳೇನಲ್ಲ. ಆದರೂ ಬಾಯಿ ಬಿಟ್ಟು ಹೇಳೋಕೆ ಹಿಂಜರಿದು ನಾವು ವಿಜ್ಞಾನದ ಬೆನ್ನ ಹಿಂದೆ ನಿಲ್ತೀವಿ.

ಹಾಗೆ ನಿಂತರೆ ನಷ್ಟ ಏನು ಅಂತ ಕೇಳಬಹುದು. ನಿಜವಾದ ಕಾರಣ ಮುಚ್ಚಿಟ್ಟವನು ಅದನ್ನ ಪ್ರಶ್ನೆಗೆ ಒಡ್ಡಿಕೊಳ್ಳೋದಿಲ್ಲ. ಕೊಲ್ಲೋದು ತಪ್ಪು ಅಂತ ನಾನು ನೇರವಾಗಿ ಹೇಳಿದ್ರೆ, ಹಾಲು ಕೊಡೋದು ನಿಲ್ಲಿಸಿದ ಹಸು ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೂ ನಾನೇ ಉತ್ತರ ಹೇಳಬೇಕಾಗುತ್ತೆ. ರುಚಿ ಅಂತ ಅವನು ನೇರವಾಗಿ ಹೇಳಿದ್ರೆ, ನನ್ನ ರುಚಿಗೆ ಇನ್ನೊಂದು ಜೀವ ಹೋಗಬಹುದಾ ಅಂತ ಅವನೂ ಕೇಳಿಕೊಳ್ಳಬೇಕಾಗುತ್ತೆ. ಆರೋಗ್ಯ ಅಂದುಬಿಟ್ಟರೆ ಇಬ್ಬರೂ ಪಾರು.

ಅದಕ್ಕಿಂತ ದೊಡ್ಡ ನಷ್ಟ ಬೇರೆಯವರದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರುವಾಯ್ತು, ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಬಿ12 ಮಾತ್ರೆ ಕೊಳ್ಳೋ ಸಂಬಳ ಇರೋ ನಾನು ಮೊಟ್ಟೆ ಬೇಡ ಅನ್ನೋದು ನನ್ನ ವ್ರತ. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರೋ ಮಗುವಿನ ತಟ್ಟೆಯಿಂದ ಆರು ಗ್ರಾಂ ಒಳ್ಳೆಯ ಪ್ರೋಟೀನ್ ತೆಗೆಸಿದರೆ ಅದನ್ನ ವ್ರತ ಅನ್ನೋಕಾಗಲ್ಲ. ನನ್ನ ತ್ಯಾಗದ ಬೆಲೆಯನ್ನ ನಾನೇ ಕಟ್ಟುವಷ್ಟು ಹೊತ್ತು ಮಾತ್ರ ಅದು ತ್ಯಾಗ.

ಅಪ್ಪ ಈಗ ದಿನಾ ನಡೀತಾರೆ. ರಾತ್ರಿ ಅನ್ನದ ಬದಲು ರಾಗಿ ಮುದ್ದೆ, ಸೊಪ್ಪಿನ ಸಾರು. ಕಳೆದ ಸಲ ಚೆಕಪ್ಪಿಗೆ ಹೋದಾಗ ಡಾಕ್ಟರು, "ಮೊಟ್ಟೆಯ ಬಿಳಿಭಾಗ ತಗೋಬಹುದಲ್ಲ ಸರ್?" ಅಂದ್ರು. ಅಪ್ಪ ಒಂದು ಕ್ಷಣ ಯೋಚಿಸಿ, "ತಗೋಬಹುದು. ತಿಂದ್ರೆ ಒಳ್ಳೇದೇ ಇರಬಹುದು. ನನಗೆ ಮನಸ್ಸೊಪ್ಪಲ್ಲ ಡಾಕ್ಟ್ರೇ" ಅಂದ್ರು.

ಅವರು ಅಷ್ಟು ನೇರವಾಗಿ ಕಾರಣ ಹೇಳಿದ್ದನ್ನ ನಾನು ಕೇಳಿದ್ದು ಅದೇ ಮೊದಲು.